ಅವರವರ ಮಾತಿನಲ್ಲಿ: ಪಂಚಾಶತ್ತಮ ಹಬ್ಬದ ಚಿಂತನೆ



ಈ ಹಬ್ಬದಂದು ಪ್ರೇಷಿತರ ಕಾರ್ಯಕಲಾಪಗಳ ಎರಡನೇ ಅಧ್ಯಾಯವನ್ನು ಓದುವ ವಾಚಕರು ಒಂದು ಜಾಗದಲ್ಲಿ ತಪ್ಪದೆ ತಡವರಿಸುತ್ತಾರೆ. ಪಾರ್ಥ್ಯರು, ಮೇದ್ಯರು, ಏಲಾಮಿನವರು ಎಂದು ಸಾಗುವ ಆ ಜನಾಂಗಗಳ ಪಟ್ಟಿ ನಮಗೆ ದೂರದ್ದು, ನಾಲಿಗೆಗೆ ಒಗ್ಗದ್ದು. ಆದರೆ ಸಂತ ಲೂಕನಿಗೆ ಆ ಪಟ್ಟಿ ಬೇಕಾಗಿತ್ತು. ಅಷ್ಟೂ ಮಂದಿ ಗಲಿಲೇಯದ ಬೆಸ್ತರ ಬಾಯಿಂದ ತಮ್ಮ ತಮ್ಮ ಮನೆಮಾತನ್ನು ಕೇಳಿಸಿಕೊಂಡರು ಎಂಬುದೇ ಅಲ್ಲಿನ ಅದ್ಭುತ. ಪವಿತ್ರಾತ್ಮರು ಎಲ್ಲರಿಗೂ ಒಂದೇ ಭಾಷೆ ಕಲಿಸಿಬಿಡಬಹುದಿತ್ತು. ಹಾಗೆ ಮಾಡಲಿಲ್ಲ.

ಒಂದು ಮಾತನ್ನು ಮಾತ್ರ ನಾವು ಮರೆಯುತ್ತೇವೆ. ಆ ವರ ಮೊದಲ ದಿನಕ್ಕೆ ಸಿಕ್ಕಿತು. ಮುಂದೆ ಬಂದ ಮಿಷನರಿಗಳಲ್ಲಿ ಹೆಚ್ಚಿನವರು ವ್ಯಾಕರಣ ಪುಸ್ತಕ ಹಿಡಿದು, ಮಕ್ಕಳಿಂದ ನಗಿಸಿಕೊಂಡು ಭಾಷೆ ಕಲಿಯಬೇಕಾಯಿತು.

ಎಮ್ಮಿಗನೂರಿನಲ್ಲಿ ಒಂದು ಮನೆಯ ಆಶೀರ್ವಾದಕ್ಕೆ ಹೋದಾಗ ಅಲ್ಲಿಯ ತಾಯಿ ಕೇಳಿದ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ. ಅವರ ಮಗಳು ಧರ್ಮಭಗಿನಿ. ಸಭೆಯವರು ಆಕೆಯನ್ನು ಮೆಕ್ಸಿಕೊ ದೇಶಕ್ಕೆ ಕಳುಹಿಸಿದ್ದಾರೆ. “ಅಲ್ಲಿ ಕನ್ನಡನೂ ಇಲ್ಲ, ಇಂಗ್ಲಿಷೂ ನಡೆಯಂಗಿಲ್ಲ ಅಂತಾರ. ಹೆಂಗ ದಿನಾ ಕಳೀತಾಳ್ರಿ ಫಾದರ್? ಏನು ಉಣ್ತಾಳ?” ನಾನು ದೇವರು ನೋಡಿಕೊಳ್ಳುತ್ತಾರೆ ಎಂದು ಹೇಳಿ ಎದ್ದು ಬಂದೆ. ಉತ್ತರ ತಪ್ಪಲ್ಲ, ಆದರೆ ಸಾಲದು ಎಂದು ದಾರಿಯುದ್ದಕ್ಕೂ ಅನಿಸಿತು. ಮಗಳನ್ನು ಕೊಟ್ಟ ತಾಯಿಗೆ ಇನ್ನಷ್ಟು ವಿವರ ಸಲ್ಲಬೇಕು.

ಮೊದಲು ಊಟದ ವಿಷಯ. ಮೆಕ್ಸಿಕೊದ ಮನೆಗಳಲ್ಲಿ ದಿನನಿತ್ಯದ ಆಹಾರ ತೋರ್ತಿಯಾ. ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ರುಬ್ಬಿ, ಕಾವಲಿಯ ಮೇಲೆ ಸುಡುವ ತೆಳ್ಳನೆಯ ರೊಟ್ಟಿ. ಹಳ್ಳಿಗಳಲ್ಲಿ ಅದನ್ನು ಕೈಯಿಂದ ತಟ್ಟುವುದೂ ಉಂಟು. ಜೋಳದ ರೊಟ್ಟಿ ತಟ್ಟಿ ಬೆಳೆದ ಹುಡುಗಿಗೆ ಆ ಸಪ್ಪಳ ಪರಕೀಯವಲ್ಲ. ಜೊತೆಗೆ ಬೇಯಿಸಿದ ಹುರುಳಿ ಜಾತಿಯ ಕಾಳು, ಮೆಣಸಿನಕಾಯಿ ಚಟ್ನಿ. ನಮ್ಮ ಮೆಣಸಿನಕಾಯಿಯೂ ಮೆಕ್ಕೆಜೋಳವೂ ಮೂಲತಃ ಆ ಕಡೆಯಿಂದಲೇ ಕಡಲು ದಾಟಿ ಬಂದವು. ಖಾರದ ಚಿಂತೆ ಬೇಡ, ತಾಯಿ. ಆದರೆ ಅದೇ ಆಕೆಯನ್ನು ನಾಳೆ ಸ್ಪೇನ್ ದೇಶಕ್ಕೆ ಕಳುಹಿಸಿದರೆ, ತೋರ್ತಿಯಾ ಕೇಳಿದಾಗ ಮೊಟ್ಟೆ ಮತ್ತು ಆಲೂಗಡ್ಡೆಯ ದಪ್ಪ ಆಮ್ಲೆಟ್ ಬರುತ್ತದೆ! ಒಂದೇ ಭಾಷೆ, ಒಂದೇ ಪದ, ಎರಡು ಅಡುಗೆ. ಅಲ್ಲಿ ಮಧ್ಯಾಹ್ನದ ಊಟ ಎರಡು ಗಂಟೆಯ ಮೇಲೆ, ರಾತ್ರಿಯೂಟ ಒಂಬತ್ತರ ಮೇಲೆ. ಕತ್ತಲಾಗುತ್ತಲೇ ಉಂಡು, ನಸುಕಿನಲ್ಲಿ ಹೊಲಕ್ಕೆ ಹೋಗುವ ಮನೆಯವರಿಗೆ ಭಾಷೆಗಿಂತ ಈ ಗಡಿಯಾರವೇ ಕಷ್ಟವಾದೀತು.

ಇನ್ನು ಭಾಷೆ. ಕೆಲವು ಸ್ಪ್ಯಾನಿಷ್ ಪದಗಳು ನಮ್ಮ ಮನೆಗೆ ಆಗಲೇ ಬಂದು ಕುಳಿತಿವೆ. ಮೇಜು, ಸಾಬೂನು, ಮೇಸ್ತ್ರಿ, ಪಾದ್ರಿ, ಇಗರ್ಜಿ ಇವು ಪೋರ್ಚುಗೀಸರಿಂದ ಬಂದವು. ಪೋರ್ಚುಗೀಸ್, ಸ್ಪ್ಯಾನಿಷ್ ಎರಡೂ ಅಕ್ಕತಂಗಿಯರು. ಅವರು ಮೇಜನ್ನು ‘ಮೆಸಾ’, ಇಗರ್ಜಿಯನ್ನು ‘ಇಗ್ಲೆಸಿಯಾ’ ಎನ್ನುತ್ತಾರೆ. ಬರೆದಂತೆ ಓದುವ ಭಾಷೆ, ಕನ್ನಡಿಗರಿಗೆ ಉಚ್ಚಾರ ಕಷ್ಟವಲ್ಲ. ನೀನು, ನೀವು ಎಂಬ ಭೇದವೂ ಉಂಟು: ಆಪ್ತರಿಗೆ ‘ತೂ’, ಗೌರವಕ್ಕೆ ‘ಉಸ್ತೆದ್’.

ಇಲ್ಲಿಯೇ ಒಂದು ಸೋಜಿಗ. ನಾವು ಕಥೋಲಿಕರು ಕನ್ನಡದಲ್ಲಿ ಪರಲೋಕದ ತಂದೆಗೆ ‘ನೀವು’ ಎಂದು ಪ್ರಾರ್ಥಿಸುತ್ತೇವೆ. ಸ್ಪ್ಯಾನಿಷಿನಲ್ಲಿ ಅದೇ ಪ್ರಾರ್ಥನೆ ‘ತೂ’ ಎನ್ನುತ್ತದೆ. ಹಿರಿಯರಿಗೆ ಏಕವಚನ ಬಳಸಿ ಬೈಸಿಕೊಂಡು ಬೆಳೆದವರಿಗೆ ದೇವರನ್ನೇ ‘ನೀನು’ ಎನ್ನುವಾಗ ಗಂಟಲು ಕಟ್ಟುತ್ತದೆ. ವ್ಯಾಕರಣ ಕಲಿಯಲು ಆರು ತಿಂಗಳು ಸಾಕಾದೀತು. ಆ ಸಂಕೋಚ ಬಿಡಲು ಅದಕ್ಕಿಂತ ಹೆಚ್ಚು ಕಾಲ ಬೇಕು. ಬೇರೆ ಭಾಷೆ ಕಲಿಯುವುದೆಂದರೆ ಪದಗಳ ಬದಲಾವಣೆ ಮಾತ್ರವಲ್ಲ, ದೇವರ ಮುಂದೆ ನಿಲ್ಲುವ ಭಂಗಿಯೂ ಬದಲಾಗುತ್ತದೆ.

ಎಡವಟ್ಟುಗಳು ಬೇಕಾದಷ್ಟು. ನಮ್ಮವರು ಬಹುತೇಕ ಇಂಗ್ಲಿಷ್ ಮೂಲಕ ಕಲಿಯುತ್ತಾರೆ. ಸ್ಪೇನ್‌ನಲ್ಲಿ ರೋಗಿಯೊಬ್ಬ ‘ಕೊನ್ಸ್ತಿಪಾದೊ’ ಆಗಿದೆ ಎಂದರೆ ಇಂಗ್ಲಿಷ್ ಬಲ್ಲ ನರ್ಸ್ ಸಿಸ್ಟರ್ ಮಲಬದ್ಧತೆಯ ಔಷಧ ಹುಡುಕಿಯಾರು. ಪಾಪ, ಅವನಿಗೆ ಆಗಿರುವುದು ಶೀತ! ಮೆಕ್ಸಿಕೊದಲ್ಲಿ ‘ಅಓರಿತಾ’ ಅಂದರೆ ಅಕ್ಷರಶಃ ‘ಈಗಲೇ’. ವ್ಯವಹಾರದಲ್ಲಿ ಒಂದು ತಾಸೂ ಆಗಬಹುದು, ನಾಳೆಯೂ ಆಗಬಹುದು. ‘ಇಲ್ಲೇ ಬಂದೆ’ ಎಂದು ಫೋನಿನಲ್ಲಿ ಹೇಳಿ ಇನ್ನೂ ಮನೆಯಲ್ಲೇ ಇರುವ ನಮಗೆ ಇದನ್ನು ಯಾರೂ ವಿವರಿಸಬೇಕಿಲ್ಲ.

ಕುಟುಂಬ ಸಮೇತ ಹೋದವರ ಕಷ್ಟ ಬೇರೆ ಬಗೆಯದು. ಮಕ್ಕಳು ಬೀದಿಯಲ್ಲಿ ಆಡುತ್ತಾ ಬೇಗ ಕಲಿತುಬಿಡುತ್ತಾರೆ. ತಂದೆ ತಾಯಿ ಹಿಂದೆ ಬೀಳುತ್ತಾರೆ. ಅಂಗಡಿಯಲ್ಲಿ, ಆಸ್ಪತ್ರೆಯಲ್ಲಿ ಎಂಟು ವರ್ಷದ ಮಗ ಅಪ್ಪನ ಬಾಯಿಯಾಗುತ್ತಾನೆ. ಕಲಿಸಲು ಹೋದ ಹಿರಿಯ ಮಗುವಿನ ಮುಂದೆ ಶಿಷ್ಯನಾಗಬೇಕು. ಆ ಮಕ್ಕಳು ಮುಂದೆ ಅಜ್ಜಿಯ ಜೊತೆ ಯಾವ ಮಾತಿನಲ್ಲಿ ಮಾತಾಡುತ್ತಾರೆ ಎಂಬ ಪ್ರಶ್ನೆಗೆ ಸುಲಭ ಉತ್ತರ ನನ್ನಲ್ಲಿಲ್ಲ.

ಈ ದಾರಿ ಎರಡೂ ಕಡೆಯದು. ಸ್ಪೇನಿನ ನವಾರ್ರಾದಲ್ಲಿ 1506ರಲ್ಲಿ ಹುಟ್ಟಿದ ಸಂತ ಫ್ರಾನ್ಸಿಸ್ ಕ್ಸೇವಿಯರ್ 1542ರಲ್ಲಿ ಗೋವೆಗೆ ಬಂದಿಳಿದರು. ಮುತ್ತಿನ ಕರಾವಳಿಯ ಬೆಸ್ತರ ನಡುವೆ ಎರಡೂ ಭಾಷೆ ಬಲ್ಲವರನ್ನು ಕೂಡಿಸಿಕೊಂಡು, ಪ್ರಾರ್ಥನೆಗಳನ್ನು ತಮಿಳಿಗೆ ಮಾಡಿಸಿ, ಬಾಯಿಪಾಠ ಮಾಡಿ, ಬೀದಿಯಲ್ಲಿ ಗಂಟೆ ಬಾರಿಸಿ ಮಕ್ಕಳನ್ನು ಕರೆದರು. ಅವರ ತಮಿಳು ಅಷ್ಟೇನೂ ಚೆನ್ನಾಗಿರಲಿಲ್ಲ. ಆದರೂ ಮಕ್ಕಳು ಬಂದರು.

ನಮಗೆ ತೀರ ಹತ್ತಿರದ ಉದಾಹರಣೆ ಅನಂತಪುರ. 1882ರವರೆಗೆ ಅದು ಬಳ್ಳಾರಿ ಜಿಲ್ಲೆಯ ಭಾಗವೇ ಆಗಿತ್ತು. ರಾಯದುರ್ಗ, ಮಡಕಶಿರಾ ಕಡೆ ಇಂದಿಗೂ ಕನ್ನಡದ ಮನೆಗಳುಂಟು. ಬಾರ್ಸೆಲೋನದಲ್ಲಿ ಹುಟ್ಟಿದ ವಿಸೆಂತೆ ಫೆರರ್ ಯೇಸುಸಭೆಯ ಮಿಷನರಿಯಾಗಿ 1952ರಲ್ಲಿ ಭಾರತಕ್ಕೆ ಬಂದರು. ಮೊದಲು ಮಹಾರಾಷ್ಟ್ರದ ಮನ್ಮಾಡ್‌ನಲ್ಲಿ ರೈತರ ಬಾವಿಗಳಿಗಾಗಿ ದುಡಿದರು. 1968ರಲ್ಲಿ ದೇಶ ಬಿಡಬೇಕಾಯಿತು. ಮರುವರ್ಷ ಮರಳಿ ಅನಂತಪುರದಲ್ಲಿ ನೆಲೆಸಿದರು. 1970ರಲ್ಲಿ ಯೇಸುಸಭೆಯನ್ನು ಬಿಟ್ಟು, ಇಂಗ್ಲೆಂಡಿನ ಪತ್ರಕರ್ತೆ ಆನ್ ಪೆರ್ರಿ ಅವರನ್ನು ವಿವಾಹವಾದರು. ಆ ನಿರ್ಧಾರದ ಬಗ್ಗೆ ನಮ್ಮಲ್ಲಿ ಕೆಲವರಿಗೆ ಬೇರೆ ಅಭಿಪ್ರಾಯವಿರಬಹುದು. ಆದರೆ 2009ರ ಜೂನ್ 19ರಂದು ಅವರು ತೀರಿಕೊಂಡದ್ದು ಅದೇ ಅನಂತಪುರದಲ್ಲಿ. ಕಟಲಾನ್ ಮನೆಮಾತಿನ ಗಂಡ, ಇಂಗ್ಲಿಷ್ ಮನೆಮಾತಿನ ಹೆಂಡತಿ, ಸುತ್ತೆಲ್ಲ ತೆಲುಗು: ಅಂಥ ಮನೆಯಲ್ಲಿ ಮಕ್ಕಳು ಬೆಳೆದರು. ಆ ದಂಪತಿ ಕಟ್ಟಿದ ಸಂಸ್ಥೆ ಮುಂದೆ ಶೇಂಗಾ ಬೆಳೆಯುವ ಹಳ್ಳಿಗಳ ಯುವಕ ಯುವತಿಯರಿಗೆ ಸ್ಪ್ಯಾನಿಷ್ ಕಲಿಸುವ ಶಾಲೆಯನ್ನೂ ತೆರೆಯಿತು.

ಮೆಕ್ಸಿಕೊಗೆ ಹೋದ ಸಿಸ್ಟರ್‌ಗೆ ಅಲ್ಲಿ ಡಿಸೆಂಬರ್ 12 ದೊಡ್ಡ ಹಬ್ಬ, ಗ್ವಾದಲೂಪೆ ಮಾತೆಯ ಹಬ್ಬ. 1531ರಲ್ಲಿ ತೆಪೆಯಾಕ್ ಗುಡ್ಡದ ಮೇಲೆ ಮಾತೆ ಮರಿಯಮ್ಮನವರು ಹುವಾನ್ ದಿಯೆಗೊ ಎಂಬ ಬಡವನಿಗೆ ದರ್ಶನವಿತ್ತರು. ಆಳುವವರ ಭಾಷೆ, ಧರ್ಮಾಧ್ಯಕ್ಷರ ಭಾಷೆ ಸ್ಪ್ಯಾನಿಷ್. ಮಾತೆ ಮಾತಾಡಿದ್ದು ಅವನ ತಾಯಿನುಡಿಯಾದ ನವಾತ್ಲ್‌ನಲ್ಲಿ, ಪ್ರೀತಿಯ ಮಗುವನ್ನು ಕರೆಯುವಂತೆ. ಜಗದ್ಗುರು ಎರಡನೇ ಜಾನ್ ಪೌಲರು 2002ರಲ್ಲಿ ಅವನನ್ನು ಸಂತನೆಂದು ಘೋಷಿಸಿದರು. ಅಲ್ಲಿಯ ಕೆಲವು ಹಳ್ಳಿಗಳಲ್ಲಿ ಇಂದಿಗೂ ಅಜ್ಜಿಯರು ಸ್ಪ್ಯಾನಿಷ್ ಅಲ್ಲ, ನವಾತ್ಲ್ ಮಾತಾಡುತ್ತಾರೆ. ಅಂಥ ಕಡೆ ಹೋದ ಸಿಸ್ಟರ್, ಒಂದು ಭಾಷೆ ಕಲಿತು ನಿಟ್ಟುಸಿರು ಬಿಡುವಷ್ಟರಲ್ಲಿ ಇನ್ನೊಂದಕ್ಕೆ ಕೈ ಹಾಕಬೇಕಾಗುತ್ತದೆ.

ನಮ್ಮ ಧರ್ಮಕ್ಷೇತ್ರವೂ ಇಂಥ ಕಲಿಕೆಯ ಫಲವೇ. 1949ರಲ್ಲಿ ಬಳ್ಳಾರಿ ಧರ್ಮಕ್ಷೇತ್ರವಾದಾಗ ಮೊದಲ ಧರ್ಮಾಧ್ಯಕ್ಷರಾದ ಜಾನ್ ಫಾರೆಸ್ಟ್ ಹೋಗನ್ ಹೊರದೇಶದಿಂದ ಬಂದ ಫ್ರಾನ್ಸಿಸ್ಕನ್ ಸಭೆಯವರು. ಕಡಲಾಚೆಯ ಒಂದು ಊರಿನಲ್ಲಿ ಅವರ ತಾಯಿಯೂ ಇವನು ಅಲ್ಲಿ ಏನು ಉಣ್ಣುತ್ತಾನೋ ಎಂದು ಕೇಳಿರಬೇಕು.

ಇದನ್ನೆಲ್ಲ ಬರೆದುಕೊಂಡು ಮತ್ತೆ ಆ ಮನೆಗೆ ಹೋದೆ. ಓದಿ ಹೇಳಿದಾಗ ಆ ತಾಯಿ ನಕ್ಕರು. ಅವರು ಹುಟ್ಟಿದ್ದು ಕಾಲುವೆ ಪಕ್ಕದ ಒಂದು ಕ್ಯಾಂಪಿನಲ್ಲಿ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಪೂರ್ಣಗೊಂಡು ಕಾಲುವೆಗಳಿಗೆ ನೀರು ಹರಿದ ಮೇಲೆ ಆಂಧ್ರದಿಂದ ಭತ್ತ ಬೆಳೆಯಲು ಬಂದ ತೆಲುಗು ಮನೆತನಗಳಲ್ಲಿ ಅವರದೂ ಒಂದು. “ಮದಿವಿ ಆಗಿ ಈ ಮನಿಗೆ ಬಂದಾಗ ನನಗೂ ಕನ್ನಡ ಬರ್ತಿರಲಿಲ್ರಿ. ಅತ್ತಿ ಕೊಡ ತಾ ಅಂದ್ರ ಕೊಡ್ಲಿ ತಂದು ಕೊಟ್ಟಿದ್ದೆ. ಗುಡಿಯಾಗ ಜಪಸರ ಮಾತ್ರ ತೆಲುಗಿನ್ಯಾಗ ಒಳಗೊಳಗ ಹೇಳ್ಕೊಂತಿದ್ದೆ. ಒಂದು ದಿನ ಅತ್ತಿ ಕೇಳಿಸ್ಕೊಂಡು, ಜೋರಾಗಿ ಹೇಳು, ನಾನೂ ಕಲೀತೀನಿ ಅಂದ್ರು.”

ಅಷ್ಟರಲ್ಲಿ ಫೋನ್ ಬಂತು. ಇಲ್ಲಿ ರಾತ್ರಿ ಎಂಟು, ಅಲ್ಲಿ ಬೆಳಿಗ್ಗೆ ಎಂಟೂವರೆ. ತಾಯಿ ಮೊದಲು ಕೇಳಿದ್ದು, “ಏನು ಉಂಡೀಯವ್ವಾ?”