ಮುಹೂರ್ತಕ್ಕೂ ಮೊದಲು ಕಡತ

‘ಮುಹೂರ್ತ ಯಾವಾಗ ಇಟ್ಟೀರವಾ?’ ಎಂದು ಧಾರವಾಡದಿಂದ ಅವ್ವ ಫೋನಿನಲ್ಲಿ ಕೇಳಿದಾಗ ನನ್ನ ಲ್ಯಾಪ್‌ಟಾಪಿನಲ್ಲಿ ಎಕ್ಸೆಲ್ ಹಾಳೆ ತೆರೆದಿತ್ತು. ರಾಹುಕಾಲ, ಗುಳಿಕಕಾಲದ ಲೆಕ್ಕವಲ್ಲ. ಯಾವ ಪ್ರಮಾಣಪತ್ರದ ಅವಧಿ ಎಂದು ಮುಗಿಯುತ್ತದೆ ಎಂಬ ಲೆಕ್ಕ. ಮದುವೆಯಾಗುವ ಹುಡುಗ ಜರ್ಮನಿಯವನು. ನಾನು ಮುಲುಂಡಿನ ಬಾಡಿಗೆ ಮನೆಯವಳು.

ನಮ್ಮ ಕಾನೂನು ಅಷ್ಟು ಕಷ್ಟದ್ದಲ್ಲ. 1954ರ ವಿಶೇಷ ವಿವಾಹ ಕಾಯ್ದೆಗೆ ಜಾತಿ, ಧರ್ಮ ಅಡ್ಡ ಬರುವುದಿಲ್ಲ, ಒಬ್ಬರು ವಿದೇಶಿಯಾದರೂ ನಡೆಯುತ್ತದೆ. ಇಬ್ಬರಲ್ಲಿ ಒಬ್ಬರು ಕನಿಷ್ಠ 30 ದಿನ ವಾಸವಿದ್ದ ಜಿಲ್ಲೆಯ ವಿವಾಹಾಧಿಕಾರಿಗೆ ನೋಟಿಸ್ ಕೊಡಬೇಕು, ಅಷ್ಟೆ. ಆದರೆ ನಾವೆಲ್ಲ ಬಾಯಿಮಾತಿನಲ್ಲಿ ‘ಮುಂಬಯಿ’ ಅನ್ನುವುದು ಒಂದೇ ಜಿಲ್ಲೆಯಲ್ಲ. ಶಹರ ಒಂದು, ಉಪನಗರ ಇನ್ನೊಂದು. ಮುಲುಂಡ್ ಚೆಕ್ ನಾಕಾ ದಾಟಿದರೆ ಠಾಣೆ. ಶಹರದವರಿಗೆ ಫೋರ್ಟಿನ ಓಲ್ಡ್ ಕಸ್ಟಮ್ ಹೌಸ್, ನಮ್ಮಂಥವರಿಗೆ ಬಾಂದ್ರಾ. 11 ತಿಂಗಳಿಗೊಮ್ಮೆ ಮನೆ ಬದಲಿಸುವವರು ಲೀವ್ ಅಂಡ್ ಲೈಸೆನ್ಸ್ ಕರಾರಿನಲ್ಲಿ ಯಾವ ವಿಳಾಸವಿದೆ ಎಂದು ಮೊದಲು ನೋಡಿಕೊಳ್ಳಿ.

ನಿಜವಾದ ಸುತ್ತು ಶುರುವಾಗಿದ್ದು ಹೆಸರಿನಿಂದ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ನನ್ನ ಹೆಸರಿನ ಜೊತೆ ಎರಡು ಇನಿಶಿಯಲ್. ಪಾಸ್‌ಪೋರ್ಟಿನಲ್ಲಿ ಅವು ಬಿಡಿಸಿಕೊಂಡು ಅಪ್ಪನ ಹೆಸರು, ಮನೆತನದ ಹೆಸರು ಆಗಿವೆ. ಆಧಾರಿನಲ್ಲಿ ಅಪ್ಪನ ಹೆಸರಷ್ಟೇ ಇದೆ. ತನ್ನ ಹೆಸರು, ಅಪ್ಪನ ಹೆಸರು, ಅಡ್ಡಹೆಸರು ಎಂದು ಮೂರು ತುಂಡಾಗಿ ಬರೆದು ಅಭ್ಯಾಸವಾದ ಮರಾಠಿ ಗುಮಾಸ್ತರಿಗೆ ಇನಿಶಿಯಲ್ ಎಂದರೆ ಏನೋ ಬಚ್ಚಿಟ್ಟಂತೆ ಕಾಣುತ್ತದೆ. ಎಲ್ಲ ಹೆಸರೂ ಒಬ್ಬಳದೇ ಎಂದು ಅಫಿಡವಿಟ್ ಮಾಡಿಸಿದೆ. ಜನನ ಪ್ರಮಾಣಪತ್ರದಲ್ಲಂತೂ ‘ಹೆಣ್ಣು’ ಎಂದಷ್ಟೇ ಇತ್ತು, ಹೆಸರಿನ ಜಾಗ ಖಾಲಿ. ಅದನ್ನು ತುಂಬಿಸಲು ಶಾಲೆಯ ದಾಖಲೆ ಹಿಡಿದು ಎರಡು ಸಲ ಊರಿಗೆ ಹೋಗಿ ಬಂದೆ.

ಅವನ ಕಡೆಯಿಂದ ಬೇಕಾದದ್ದು ಒಂದೇ ಕಾಗದ: ಮದುವೆಗೆ ಅಡ್ಡಿಯಿಲ್ಲ ಎಂದು ಅವನ ಊರಿನ ನೋಂದಣಿ ಕಚೇರಿ ಕೊಡುವ ಪತ್ರ. ಜರ್ಮನ್ನರು ಅದನ್ನು ಏಎಫೇಹಿಕ್‌ಕೈಟ್ಸ್‌ತ್ಸೊಯ್ಗ್‌ನಿಸ್ ಅನ್ನುತ್ತಾರೆ (ನನಗೂ ಬಾಯಿಗೆ ಬರಲು ವಾರ ಹಿಡಿಯಿತು). ಅದರ ಆಯುಷ್ಯ ಆರು ತಿಂಗಳು. ಆದರೆ ಅದನ್ನು ಕೊಡುವ ಮೊದಲು ಅವರಿಗೆ ನನ್ನ ಕಾಗದಗಳೂ ಬೇಕು. ಭಾರತ 2005ರಲ್ಲೇ ಅಪೊಸ್ಟಿಲ್ ಒಪ್ಪಂದಕ್ಕೆ ಸೇರಿದ್ದರೂ ಜರ್ಮನಿ ಆಕ್ಷೇಪ ಎತ್ತಿದ್ದರಿಂದ ಈ ಎರಡು ದೇಶಗಳ ನಡುವೆ ಆ ಮೊಹರು ನಡೆಯುವುದಿಲ್ಲ. ಬದಲಿಗೆ ದಾಖಲೆಗಳನ್ನು ಇಲ್ಲಿನ ವಕೀಲರ ಮೂಲಕ ಪರಿಶೀಲಿಸುತ್ತಾರೆ. ಅದಕ್ಕೆ ತಿಂಗಳುಗಳು ಹಿಡಿಯುತ್ತವೆ.

ಹಾಗೆ ಒಂದು ಮಧ್ಯಾಹ್ನ ನಮ್ಮ ಓಣಿಗೆ ಬಂದವರು ಪಕ್ಕದ ಮನೆಯ ಕಾಕೂನನ್ನು ‘ಇವರ ಮಗಳಿಗೆ ಮೊದಲ ಮದುವಿ ಆಗೇತೇನ್ರೀ?’ ಎಂದು ಕೇಳಿದ್ದಾರೆ. ಕಾಗದವೆಲ್ಲ ಕೈಗೆ ಬಂದಮೇಲೆ ಮನೆಯಲ್ಲಿ ಹೇಳೋಣ ಎಂದು ನಾನು ಸುಮ್ಮನಿದ್ದೆ. ಅವ್ವನಿಗೆ ಸುದ್ದಿ ತಿಳಿದದ್ದು ಕಾಕೂನಿಂದ. ಎಂಟು ದಿನ ಫೋನ್ ಎತ್ತಲಿಲ್ಲ. ತಪ್ಪು ನನ್ನದೇ.

ಇದೊಂದೇ ಅಲ್ಲ. ಬಾಂದ್ರಾದಲ್ಲಿ ಕೊಟ್ಟ ನೋಟಿಸು ಹೆಸರು, ವಯಸ್ಸು, ಉದ್ಯೋಗ, ವಿಳಾಸದ ಸಮೇತ ಅಲ್ಲಿನ ಗೋಡೆಗೆ ಅಂಟುತ್ತದೆ. ಕಾಯಂ ವಿಳಾಸ ಬೇರೆ ಜಿಲ್ಲೆಯದಾದರೆ ಪ್ರತಿಯೊಂದು ಅಲ್ಲಿಗೂ ಹೋಗುತ್ತದೆ. ಆಕ್ಷೇಪಕ್ಕೆ 30 ದಿನ. ಈ ಪ್ರಕಟಣೆ ಕಡ್ಡಾಯವಲ್ಲ, ಜೋಡಿಯ ಇಷ್ಟ ಎಂದು ಅಲಹಾಬಾದ್ ಹೈಕೋರ್ಟ್ 2021ರಲ್ಲಿ ಹೇಳಿತು, ಆದರೆ ಅದು ಉತ್ತರ ಪ್ರದೇಶದ ಮಾತು. ಮನೆಯವರ ವಿರೋಧಕ್ಕೆ ಹೆದರಿ ಮದುವೆಯಾಗುವವರ ಗತಿ ಏನು ಎಂದು ಆ ಗೋಡೆಯ ಮುಂದೆ ನಿಂತಾಗ ಅನ್ನಿಸಿತು.

ನೋಟಿಸ್ ಕೊಟ್ಟ ದಿನದಿಂದ ಮೂರು ತಿಂಗಳೊಳಗೆ ಮದುವೆಯಾಗದಿದ್ದರೆ ಮತ್ತೆ ಹೊಸ ನೋಟಿಸು. ಹಾಗಾಗಿ ಎಕ್ಸೆಲ್ ಹಾಳೆಯನ್ನು ಹಿಂದಿನಿಂದ ಮುಂದಕ್ಕೆ ತುಂಬಬೇಕು: ಪರಿಶೀಲನೆ ಮುಗಿಯಲಿ, ಜರ್ಮನ್ ಪತ್ರ ಕೈಗೆ ಬರಲಿ, ಆಮೇಲೆ ನೋಟಿಸು. ಅವನಿಗೆ ಓಸಿಐ ಕಾರ್ಡು ಬೇಕಾದರೆ ಮದುವೆಯಾಗಿ ಎರಡು ವರ್ಷ ಕಾಯಬೇಕು. ಅದು ಹಾಳೆಯ ಕೊನೆಯ ಸಾಲು.

ಅವ್ವ ಈಗ ರಾಜಿಯಾಗಿದ್ದಾಳೆ. ಮೂರು ಸಾಕ್ಷಿಗಳಲ್ಲಿ ಅವಳೂ ಒಬ್ಬಳು. ಅಧಿಕಾರಿಯ ಮುಂದೆ ಒಬ್ಬರಿಗೊಬ್ಬರು ಹೇಳಬೇಕಾದ ಮಾತನ್ನು ಇಬ್ಬರಿಗೂ ಅರ್ಥವಾಗುವ ಯಾವ ಭಾಷೆಯಲ್ಲಾದರೂ ಹೇಳಬಹುದು ಎಂದು ಕಾಯ್ದೆಯಲ್ಲೇ ಇದೆ. ‘ಹಂಗಾದ್ರ ಕನ್ನಡದಾಗ ಹೇಳ್ಸು’ ಎಂದಳು. ದಿನಾ ರಾತ್ರಿ ವಿಡಿಯೊ ಕಾಲಿನಲ್ಲಿ ಅವನಿಗೆ ಪಾಠ ನಡೆದಿದೆ. ‘ಒಪ್ಪಿಕೊಳ್ಳುತ್ತೇನೆ’ ಬಂದಾಗ ಇನ್ನೂ ಎಡವುತ್ತಾನೆ.