ಅಡ್ರಿನಲ್ ಗ್ರಂಥಿಯ ಅಪರೂಪದ ಗೆಡ್ಡೆ: ಮಯಲೋಲೈಪೋಮಾ

ಎರಡು ಮೂತ್ರಪಿಂಡಗಳ ಮೇಲ್ತುದಿಯಲ್ಲಿ ಒಂದೊಂದರಂತೆ ಇರುವ, ತಲಾ ಸುಮಾರು 4ರಿಂದ 5 ಗ್ರಾಂ ತೂಗುವ ಅಡ್ರಿನಲ್ ಗ್ರಂಥಿಗಳು ಕಾರ್ಟಿಸಾಲ್, ಆಲ್ಡೊಸ್ಟಿರೋನ್, ಅಡ್ರಿನಲಿನ್ ಮುಂತಾದ ಹಾರ್ಮೋನುಗಳನ್ನು ಸ್ರವಿಸುತ್ತವೆ. ಈ ಗ್ರಂಥಿಯಲ್ಲಿ ಬೆಳೆಯುವ, ಕ್ಯಾನ್ಸರ್ ಅಲ್ಲದ ಗೆಡ್ಡೆಗಳಲ್ಲಿ ಮಯಲೋಲೈಪೋಮಾ ವಿಲಕ್ಷಣವಾದುದು. 1905ರಲ್ಲಿ ಗೀರ್ಕೆ ಮೊದಲು ವರ್ಣಿಸಿದ, 1929ರಲ್ಲಿ ಓಬರ್ಲಿಂಗ್ ಹೆಸರಿಟ್ಟ ಈ ಗೆಡ್ಡೆಯಲ್ಲಿ ಪಕ್ವ ಕೊಬ್ಬಿನೊಂದಿಗೆ, ಮೂಳೆಯೊಳಗಿನ ಮಜ್ಜೆಯಲ್ಲಿರುವಂತಹ ರಕ್ತೋತ್ಪಾದಕ ಜೀವಕೋಶಗಳೂ ಬೆರೆತಿರುತ್ತವೆ. ಅದು ಸಾಮಾನ್ಯವಾಗಿ ಹಾರ್ಮೋನನ್ನು ಸ್ರವಿಸುವುದಿಲ್ಲವಾದ್ದರಿಂದ, ಬೇರಾವುದೋ ಕಾರಣಕ್ಕೆ ಮಾಡಿಸಿದ ಹೊಟ್ಟೆಯ ಸ್ಕ್ಯಾನ್‌ನಲ್ಲಿ ಆಕಸ್ಮಿಕವಾಗಿ ಪತ್ತೆಯಾಗುವುದೇ ಹೆಚ್ಚು.

ಅಡ್ರಿನಲ್‌ನಲ್ಲಿ ಯಾವುದೇ ಗೆಡ್ಡೆ ಕಂಡಾಗ ವೈದ್ಯರ ಮುಂದಿರುವ ಪ್ರಶ್ನೆಗಳು ಎರಡು: ಅದು ಕ್ಯಾನ್ಸರೇ, ಮತ್ತು ಅದು ಅತಿಯಾಗಿ ಹಾರ್ಮೋನನ್ನು ಸ್ರವಿಸುತ್ತಿದೆಯೇ. ಮೊದಲನೆಯದಕ್ಕೆ ಸಿ.ಟಿ. ಸ್ಕ್ಯಾನ್ ಬಹುಮಟ್ಟಿಗೆ ಉತ್ತರ ಕೊಡುತ್ತದೆ. ಅಂಗಾಂಶದ ಸಾಂದ್ರತೆಯನ್ನು ಅಳೆಯುವ ಹೌನ್ಸ್‌ಫೀಲ್ಡ್ ಮಾಪನದಲ್ಲಿ ನೀರಿನ ಬೆಲೆ ಸೊನ್ನೆಯಾದರೆ ಕೊಬ್ಬಿನದು ಸೊನ್ನೆಗಿಂತ ಬಹಳ ಕೆಳಗಿರುವುದರಿಂದ, ಗೆಡ್ಡೆಯೊಳಗೆ ಅಂತಹ ಕೊಬ್ಬು ಸ್ಪಷ್ಟವಾಗಿ ಕಂಡರೆ ಮಯಲೋಲೈಪೋಮಾ ಎಂದು ಬಹುತೇಕ ನಿರ್ಧರಿಸಬಹುದು. ಆದರೆ ಅಡ್ರಿನಲ್‌ನಲ್ಲಿ ಕಾಣುವ ಮತ್ತೊಂದು ಗೆಡ್ಡೆಯಾದ, ನರಕೋಶಗಳಿಂದ ಹುಟ್ಟುವ ಗ್ಯಾಂಗ್ಲಿಯೋನ್ಯೂರೋಮಾಕ್ಕೆ ಇಂತಹ ಸ್ಪಷ್ಟ ಗುರುತು ಇಲ್ಲದಿರುವುದರಿಂದ, ಅದರ ಖಚಿತ ನಿರ್ಣಯ ಅನೇಕ ವೇಳೆ ಶಸ್ತ್ರಚಿಕಿತ್ಸೆಯ ನಂತರದ ಸೂಕ್ಷ್ಮದರ್ಶಕ ಪರೀಕ್ಷೆಯಲ್ಲಷ್ಟೇ ಆಗುತ್ತದೆ.

ಎರಡನೆಯ ಪ್ರಶ್ನೆಗೆ ರಕ್ತ ಮತ್ತು ಮೂತ್ರದ ಪರೀಕ್ಷೆಗಳು ಬೇಕು. ರಾತ್ರಿ 1 ಮಿಲಿಗ್ರಾಂ ಡೆಕ್ಸಾಮೆಥಾಸೋನ್ ನುಂಗಿಸಿ ಮರುದಿನ ಬೆಳಿಗ್ಗೆ ಕಾರ್ಟಿಸಾಲ್ ಅಳೆದಾಗ ಅದು ತಗ್ಗದಿದ್ದರೆ ಗೆಡ್ಡೆ ತಾನಾಗಿ ಅದನ್ನು ಸ್ರವಿಸುತ್ತಿರಬಹುದು. ಅಧಿಕ ರಕ್ತದೊತ್ತಡವಿರುವವರಲ್ಲಿ ಆಲ್ಡೊಸ್ಟಿರೋನ್ ಮತ್ತು ರೆನಿನ್‌ಗಳ ಅನುಪಾತವನ್ನೂ ನೋಡಬೇಕಾಗುತ್ತದೆ. ಕೊಬ್ಬಿನ ಅಂಶ ಸ್ಪಷ್ಟವಾಗಿ ಕಾಣದ ಗೆಡ್ಡೆಗಳಲ್ಲಿ, ಅಡ್ರಿನಲಿನ್ ವರ್ಗದ ಹಾರ್ಮೋನುಗಳನ್ನು ಸುರಿಸುವ ಫಿಯೋಕ್ರೋಮೋಸೈಟೋಮಾ ಇಲ್ಲವೆಂಬುದನ್ನು ಮೆಟಾನೆಫ್ರಿನ್ ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳದೆ ಸೂಜಿ ಚುಚ್ಚಿ ತುಣುಕು ತೆಗೆಯುವುದು ಅಪಾಯಕರ, ಏಕೆಂದರೆ ಆ ಚುಚ್ಚುವಿಕೆಯೇ ರಕ್ತದೊತ್ತಡವನ್ನು ಪ್ರಾಣಾಂತಕ ಮಟ್ಟಕ್ಕೆ ಏರಿಸಬಲ್ಲದು.

ನಿರ್ಣಯ ಖಚಿತವಾದ ಸಣ್ಣ ಮಯಲೋಲೈಪೋಮಾಕ್ಕೆ ಸಾಮಾನ್ಯವಾಗಿ ಚಿಕಿತ್ಸೆಯೇ ಬೇಡ. ಗೆಡ್ಡೆ ದೊಡ್ಡದಾಗಿ, ವಿಶೇಷವಾಗಿ 6 ಸೆಂಟಿಮೀಟರ್ ಮೀರಿ ಬೆಳೆದು, ನೋವು ಉಂಟುಮಾಡಿದಾಗ ಅಥವಾ ಅದರೊಳಗೆ ರಕ್ತಸ್ರಾವವಾದಾಗ ಶಸ್ತ್ರಚಿಕಿತ್ಸೆಯ ವಿಚಾರ ಬರುತ್ತದೆ. 1992ರಿಂದ ಬಳಕೆಗೆ ಬಂದ ಲ್ಯಾಪರೋಸ್ಕೋಪಿಕ್ ವಿಧಾನ ಇದನ್ನು ಸಣ್ಣ ರಂಧ್ರಗಳ ಮೂಲಕವೇ ಸಾಧ್ಯವಾಗಿಸಿದೆ. ಎರಡೂ ಬದಿಗಳಲ್ಲಿ ಗೆಡ್ಡೆಗಳಿದ್ದರೆ, ಜನ್ಮಜಾತ ಅಡ್ರಿನಲ್ ಹೈಪರ್‌ಪ್ಲೇಸಿಯಾ ಎಂಬ ಆನುವಂಶಿಕ ಕಿಣ್ವದೋಷವಿದೆಯೇ ಎಂದು ಪರಿಶೀಲಿಸುವುದು ಉಚಿತ. ಸ್ಕ್ಯಾನ್ ವರದಿಯಲ್ಲಿ ಗೆಡ್ಡೆ ಎಂಬ ಪದ ಕಂಡ ಕೂಡಲೇ ಶಸ್ತ್ರಚಿಕಿತ್ಸೆಗೆ ಆತುರಪಡದೆ, ಮೊದಲು ಎಂಡೊಕ್ರೈನಾಲಜಿ ತಜ್ಞರನ್ನು ಕಂಡು ಈ ಎರಡು ಪ್ರಶ್ನೆಗಳಿಗೆ ಉತ್ತರ ಪಡೆಯುವುದೇ ರೋಗಿಗೆ ಹಿತಕರ.