ಎರಡು ಬಿಟ್‌ಗಳ ಜಗಳ: ಸ್ಥಿತಿ ಬದಲಾಗೋದು ಹೇಗೆ, ನಿಲ್ಲೋದು ಎಲ್ಲಿ?

ವಿಡಿಯೋದಲ್ಲಿ ಹೇಳಿದ್ದನ್ನೇ ಇಲ್ಲಿ ಬರಹಕ್ಕೆ ಇಳಿಸಿದ್ದೀನಿ. ಪೆನ್ನು, ಪೇಪರ್ ಇಟ್ಟುಕೊಂಡು ಓದಿ.

ಓಎಂಆರ್ ಕಡೆ ಆನ್‌ಕಾಲ್ ಮಾಡೋರಿಗೆ ಇದು ಗೊತ್ತಿರುವ ತಲೆನೋವು. ಎ, ಬಿ ಅಂತ ಎರಡು ಸರ್ವರ್. ಒಂದು ಓಡಬೇಕು, ಇನ್ನೊಂದು ಸ್ಟ್ಯಾಂಡ್‌ಬೈ. ನಿಯಮ ಒಂದೇ: ಇನ್ನೊಂದು ಓಡ್ತಿದ್ದರೆ ನಾನು ನಿಲ್ಲಬೇಕು, ಅದು ನಿಂತಿದ್ದರೆ ನಾನು ಓಡಬೇಕು. ಓಡ್ತಿದ್ದರೆ 1, ನಿಂತಿದ್ದರೆ 0.

ಒಟ್ಟು ಸ್ಥಿತಿಗಳು ನಾಲ್ಕೇ. 10 ಆಗಿದ್ದರೆ ಮುಂದಿನ ಸಲವೂ 10. 01 ಕೂಡ ಹಾಗೇ. ಇವು ಸ್ಥಿರ ಬಿಂದುಗಳು. ಆದರೆ ಎರಡೂ ನಿಂತಿವೆ ಅಂದುಕೊಳ್ಳಿ, ಅಂದರೆ 00. ಇಬ್ಬರೂ ಒಂದೇ ಕ್ಷಣಕ್ಕೆ ನೋಡಿದರೆ ಇಬ್ಬರೂ ಏಳ್ತಾರೆ: 11. ಮತ್ತೆ ನೋಡ್ತಾರೆ, ಇಬ್ಬರೂ ಮಲಗ್ತಾರೆ: 00. ರಾತ್ರಿಯಿಡೀ ಇದೇ ಆಟ, ನಿಮ್ಮ ಫೋನ್ ಬಡ್ಕೊಳ್ತಾನೇ ಇರುತ್ತೆ!

ಈಗ ಒಂದು ಸಣ್ಣ ಬದಲಾವಣೆ. ಒಬ್ಬರಾದ ಮೇಲೆ ಒಬ್ಬರು ನೋಡಲಿ. 00 ಇದ್ದಾಗ ಎ ಮೊದಲು ನೋಡಿದರೆ 10 ಆಯ್ತು. ಬಿ ನೋಡುವಾಗ ಎ ಓಡ್ತಿದೆ, ಹಾಗಾಗಿ ಬಿ ಏಳಲ್ಲ. ಅಲ್ಲಿಗೆ ಜಗಳ ಮುಗೀತು. ನಿಯಮ ಅದೇ, ಬದಲಾಗಿದ್ದು ಗಡಿಯಾರ ಮಾತ್ರ. ಚೆಕ್ ಮಾಡುವ ಹೊತ್ತಿಗೆ ರ‍್ಯಾಂಡಮ್ ಡಿಲೇ ಸೇರಿಸೋದು ಇದಕ್ಕೇ.

ಬಿಟ್‌ಗಳು ಹೆಚ್ಚಾದರೆ? 10 ಬಿಟ್‌ಗೆ 1024 ಸ್ಥಿತಿ. ಎಲ್ಲವೂ ಒಟ್ಟಿಗೆ, ಒಂದೇ ನಿಯಮದಂತೆ ಬದಲಾದರೆ, 1024 ಹೆಜ್ಜೆಯೊಳಗೆ ಹಳೆಯ ಸ್ಥಿತಿಯೊಂದು ಮರಳಲೇಬೇಕು. ಮರಳಿತು ಅಂದರೆ ಅಲ್ಲಿಂದ ಹಳೇ ದಾರಿಯೇ. ಹಾಗಾಗಿ ಕೊನೆಗೆ ಒಂದೋ ಸ್ಥಿರ ಬಿಂದು, ಇಲ್ಲ ಸುತ್ತು. ಮೂರನೇ ದಾರಿ ಇಲ್ಲ.

1969ರಲ್ಲಿ ಸ್ಟುವರ್ಟ್ ಕೌಫ್‌ಮನ್ ಜೀನ್‌ಗಳನ್ನೇ ಹೀಗೆ ಆನ್, ಆಫ್ ಸ್ವಿಚ್‌ಗಳಾಗಿ ನೋಡಿದರು. ಜೀನ್‌ಗಳು ಒಂದೇ ಇದ್ದರೂ ಚರ್ಮದ ಕೋಶ, ನರದ ಕೋಶ ಬೇರೆ ಬೇರೆ ಯಾಕೆ? ಅವು ಒಂದೇ ಜಾಲ ಬಂದು ನೆಲೆಯಾಗುವ ಬೇರೆ ಬೇರೆ ಕೊನೆಗಳಿರಬಹುದು ಅನ್ನೋದು ಅವರ ವಾದ. 2000ದಲ್ಲಿ ಗಾರ್ಡ್‌ನರ್, ಕ್ಯಾಂಟರ್, ಕಾಲಿನ್ಸ್ ಇ. ಕೋಲಿ ಬ್ಯಾಕ್ಟೀರಿಯಾದೊಳಗೆ ಒಂದನ್ನೊಂದು ತಡೆಯುವ ಎರಡು ಜೀನ್ ಕೂರಿಸಿದರು. ಅದು ನಮ್ಮ ಎ, ಬಿ ಸರ್ವರ್‌ಗಳೇ! ಕೋಶದಲ್ಲಿ ಇಬ್ಬರಿಗೂ ಒಂದೇ ಗಡಿಯಾರ ಇಲ್ಲ, ಹಾಗಾಗಿ ಅದು ಒಂದು ಕಡೆ ನೆಲೆಯಾಗಿ, ಅದನ್ನ ನೆನಪಿಟ್ಟುಕೊಳ್ಳುತ್ತೆ.

ಇಂಥ ಬೂಲಿಯನ್ ಜಾಲಗಳ ಸಂಶೋಧನೆ ನಮ್ಮ ತರಮಣಿಯ ಗಣಿತ ವಿಜ್ಞಾನ ಸಂಸ್ಥೆಯಲ್ಲೂ ನಡೆಯುತ್ತೆ. ಟೈಡೆಲ್ ಪಾರ್ಕ್‌ಗೆ ಹೋಗೋರು ದಿನಾ ಅದರ ಆಸುಪಾಸಿನಲ್ಲೇ ಓಡಾಡ್ತೀರಿ.

ಮನೆಗೆಲಸ: ಮೂರು ಸರ್ವರ್ ವೃತ್ತದಲ್ಲಿ ನಿಲ್ಲಿಸಿ. ಪ್ರತಿಯೊಂದೂ ಎಡಗಡೆಯದ್ದರ ವಿರುದ್ಧ ಮಾಡಲಿ. ಎಂಟೂ ಸ್ಥಿತಿ ಬರೆದು ನೋಡಿ, ಒಂದಾದರೂ ಸ್ಥಿರ ಬಿಂದು ಸಿಗುತ್ತಾ?